ಸವತೆ, ಸವತಿ ಮತ್ತು ಒಂದು ಬಸವನಹುಳು

ತನ್ನ ಮನೆಯ ಭಾರವನ್ನು ತಾನೇ ಹೊರುವವನು. ಯಾರನ್ನೂ ಹಿಂದಿಕ್ಕುವ ಹಂಬಲವಿಲ್ಲದವನು. ನಡೆದ ದಾರಿಗೆಲ್ಲ ಬೆಳ್ಳಿಯ ಗೆರೆ ಬರೆದೂ ಅದರ ಕೆಳಗೆ ಸಹಿ ಹಾಕದವನು. ಬಯ್ದರೆ ಎದುರಾಡದೆ ಒಳಸರಿಯುವವನು. ಮೃದುಕಾಯನು, ಮೌನವ್ರತಿಯು, ಶುದ್ಧ ಶಾಕಾಹಾರಿಯು! ಇಷ್ಟು ಗುಣಗಳು ಒಬ್ಬನಲ್ಲಿಯೇ ನೆಲೆಸಿರುವುದು ಹಳೆಯ ಗದ್ಯಗ್ರಂಥಗಳ ಮುನಿಗಳಲ್ಲಿಯೂ ಅಪರೂಪ. ಆ ಪುಣ್ಯಾತ್ಮನ ಹೆಸರು ಬಸವನಹುಳು. ಈ ಗುಣಾವಳಿಯ ಕಟ್ಟಕಡೆಯ ಗುಣವನ್ನು ನಾನು ಆಗಲೇ ಕೊಂಚ ನಿಂತು ಯೋಚಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಅವನ ಸಹವಾಸವಾದದ್ದು ನನ್ನ ಪ್ರಕಾಶಕ ಮಿತ್ರನಿಂದ. ಅವನೊಂದು ದಿನ ಬಂದು, "ಮೇಷ್ಟ್ರೇ, ಮಕ್ಕಳಿಗೊಂದು ಚಿತ್ರಪುಸ್ತಕ ಬೇಕಲ್ಲ. ಒಂದು ತರಕಾರಿ ತೋಟ, ಒಂದು ಹುಳ, ಒಂದು ಕಾಯಿ, ಇಬ್ಬರಿಗೂ ಗೆಳೆತನ. ಪುಟಕ್ಕೆ ಒಂದೇ ಸಾಲು. ಆಗುತ್ತಾ ನಿಮ್ಮ ಕೈಲಿ?" ಎಂದ.

ಆಗುತ್ತದೆಯೇ! ಹಳಗನ್ನಡ ಗದ್ಯವನ್ನು ಅರೆದು ಕುಡಿದವನು ನಾನು; ಒಂದೇ ವಾಕ್ಯದಲ್ಲಿ ಸೂರ್ಯನನ್ನು ಹುಟ್ಟಿಸಿ ಮುಳುಗಿಸಬಲ್ಲವನು! "ಪುಟಕ್ಕೆ ಒಂದು ಸಾಲೇ? ನನ್ನ ಒಂದು ಸಾಲಿಗೆ ನಿನ್ನ ಪುಟವೇ ಸಾಲದು!" ಎಂದೆ.

ಬಸವನಹುಳುವಿನ ಗೆಳತಿಯಾಗಿ ಸೌತೆಯನ್ನು ಆರಿಸಿದೆ. ಆದರೆ 'ಸೌತೆ' ಎಂಬ ರೂಪ ನನ್ನ ಲೇಖನಿಗೆ ತೀರ ಸಡಿಲವೆನಿಸಿತು. 'ಸವತೆ' ಎಂದು ಬರೆದೆ. ಬರೆದಂತೆ ನುಡಿಯಬೇಕೆಂಬ ನಿಷ್ಠೆಯಿಂದ ಹಾಗೆಯೇ ನುಡಿಯತೊಡಗಿದೆ. ಕಣ್ಣಾರೆ ಕಾಣದ ಗೆಳೆತನವನ್ನು ಬರೆಯಲಾರೆನೆಂದು ಪಣ ತೊಟ್ಟು, ಕಾಂಪೌಂಡಿನ ತೇವದ ಗೋಡೆಯಿಂದ ಆ ಮೌನವ್ರತಿಯನ್ನು ಬಿಡಿಸಿ ತಂದು, ಹಿತ್ತಲಿನ ಬಳ್ಳಿಯಲ್ಲಿದ್ದ ಒಂದೇ ಒಂದು ಸವತೆಯ ಪಕ್ಕದಲ್ಲಿ ಇಳಿಸಿದೆ. ಏಕಾಂತಕ್ಕೆ ಭಂಗ ಬಾರದಿರಲೆಂದು ಇಬ್ಬರ ಮೇಲೂ ಬುಟ್ಟಿಯೊಂದನ್ನು ಕವುಚಿದೆ.

ಶುಕ್ರವಾರ ಮಧ್ಯಾಹ್ನ ಬುಟ್ಟಿಯನ್ನು ಕಂಡ ನನ್ನಾಕೆ, "ಬಿಸಿಲು ತಾಗಬಾರದು ಅಂತ ಮುಚ್ಚಿದ್ರಾ? ಪರವಾಗಿಲ್ವೇ, ನಿಮಗೂ ತೋಟದ ಬುದ್ಧಿ ಬಂತು!" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಆ ಕಾಯಿ ಸಾಮಾನ್ಯ ಕಾಯಿಯಲ್ಲ. ಭಾನುವಾರ ನಮ್ಮ ಬಡಾವಣೆಯ ತರಕಾರಿ ಪ್ರದರ್ಶನ. ವರ್ಷವರ್ಷವೂ ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ತಮ್ಮ ಕುಂಬಳಕಾಯಿಗೆ ಮೊದಲ ಬಹುಮಾನ ಹೊಡೆದು, "ಮುಂದಿನ ಸಲ ನೋಡೋಣ ಅಕ್ಕಾವ್ರೇ" ಎಂದು ಬೇಲಿಯ ಮೇಲಿಂದ ನಗುತ್ತಿದ್ದರು. ಆ ನಗುವಿಗೊಂದು ಉತ್ತರ ಕೊಡಲೆಂದೇ ನನ್ನಾಕೆ ಬೇರೆಲ್ಲ ಹೀಚುಗಳನ್ನು ಚಿವುಟಿ, ಈ ಒಂದನ್ನೇ ಉಳಿಸಿಕೊಂಡು, ನನ್ನ ಬನಿಯನ್ನಿನ ಮೇಲೆ ಮಲಗಿಸಿ, ಹಸುಗೂಸಿನಂತೆ ಮಗ್ಗುಲು ಬದಲಿಸುತ್ತ ಬೆಳೆಸಿದ್ದಳು. ನನ್ನ ಬನಿಯನ್ನು ಎಲ್ಲಿ ಎಂದು ಕೇಳಿದ್ದಕ್ಕೆ, "ನಿಮಗೆ ಇನ್ನೊಂದಿದೆ, ಅದಕ್ಕಿಲ್ಲ" ಎಂದಿದ್ದಳು.

ಶನಿವಾರ ಬೆಳಿಗ್ಗೆ ಪುಸ್ತಕಕ್ಕೆ ಚಿತ್ರ ಬರೆಯುವ ಹುಡುಗಿ ಫೋನ್ ಮಾಡಿದಳು. ನಾನು ನಡುಮನೆಯಲ್ಲಿ ನಿಂತು ಗಂಭೀರವಾಗಿ ಉತ್ತರಿಸಿದೆ: "ಯೋಚನೆ ಬೇಡಮ್ಮ. ಸವತೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಹೂಂ, ಹಿತ್ತಲಿನಲ್ಲಿ. ಎಳೆಯ ಪ್ರಾಯ, ನುಣುಪು ಮೈ. ನನ್ನಾಕೆಗೆ ಮಾತ್ರ ಇನ್ನೂ ಏನೂ ಹೇಳಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಯಾರ್ರೀ ಅವಳು?"

"ಯಾರು?"

"ಅದೇ, ಹಿತ್ತಲಲ್ಲಿ ಇಟ್ಕೊಂಡಿದ್ದೀರಲ್ಲ, ನನ್ನ ಸವತಿ!"

ನಾನು ಕಂಬವಾದೆ! ಆದರೆ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಆಸೆಯಿತ್ತು.

"ಬಟ್ಟೆ ಒಗೀತಾಳಾ?"

"ಅಯ್ಯೋ, ಅದು..."

"ಬಿಡಿ, ಬಟ್ಟೆ ನಾನೇ ಒಕ್ಕೋತೀನಿ. ನೀವು ಓದೋದನ್ನ ಕೂತು ಕೇಳ್ತಾಳಾ? ಕ್ರಿಯಾಪದ ಬರೋ ತನಕ ಎದ್ದು ಹೋಗಲ್ವಾ? ಹಾಗಿದ್ರೆ ಇವತ್ತೇ ಒಳಗೆ ಕರೀರಿ, ಪಾಪ, ಹಿತ್ತಲಲ್ಲಿ ಯಾಕೆ?"

"ಹೆಂಗಸಲ್ಲ ಕಣೇ! ಸವತೆ! ಸವತೆಕಾಯಿ!"

"ಕಾಯಾ? ಸೌತೆ ಅಂತ ನೆಟ್ಟಗೆ ಅನ್ನೋಕೆ ಏನ್ರೀ ದಾಡಿ ನಿಮಗೆ? ಛೇ, ನನಗೊಂದು ಬಿಡುವು ಸಿಕ್ತು ಅಂದ್ಕೊಂಡಿದ್ದೆ." ಎದ್ದವಳು ತಟಕ್ಕನೆ ನಿಂತಳು. "ಇರಿ. ಯಾವ ಸೌತೆ?"

ಓಡಿದೆವು. ಬುಟ್ಟಿ ಎತ್ತಿದೆವು. ಗೆಳೆತನವೆಂದರೆ ಅದು! ಗೆಳೆಯನು ಗೆಳತಿಯ ಅಂತರಂಗವನ್ನೇ ಹೊಕ್ಕಿದ್ದ. ಬೆನ್ನ ಮೇಲಿನ ಮನೆ ಮಾತ್ರ ಹೊರಗೆ ಉಳಿದಿತ್ತು.

ನನ್ನಾಕೆ ಕಾಯಿಯ ಪಕ್ಕದಲ್ಲಿ ಕುಳಿತಳು. ಆಮೇಲೆ ಮೆಲ್ಲಗೆ, "ಸವತೀನೇ ಆಗಿದ್ರೆ ಆಗ್ತಿತ್ತು, ರೀ. ಅವಳಾದ್ರೂ ಇದನ್ನ ಮುಟ್ತಿರಲಿಲ್ಲ" ಎಂದಳು. ಕಣ್ಣು ತುಂಬಿತ್ತು. 

ನಮ್ಮ ಪುಟ್ಟ ಮೊಮ್ಮಗಳು ಬಂದು ಕುಕ್ಕರಗಾಲಿನಲ್ಲಿ ಕುಳಿತಳು. "ಅಜ್ಜೀ, ಹುಳ ಮನೆ ಬದಲಾಯಿಸ್ತಿದೆ! ಹಳೇ ಮನೆ ಹೊತ್ಕೊಂಡೇ ಹೊಸ ಮನೆಗೆ ಬಂದಿದೆ!"

ಅಜ್ಜಿಯ ತುಟಿ ನಡುಗಿತು, ಅಳುವೋ ನಗುವೋ ತಿಳಿಯುವ ಮೊದಲೇ ಆಕೆ ಕಣ್ಣೊರೆಸಿಕೊಂಡು, "ಹೀಗೇ ತಗೊಂಡು ಹೋಗೋಣ ಬಾರೇ, ನಿವಾಸಿ ಸಮೇತ. ಪೋಸ್ಟ್‌ಮಾಸ್ಟರು ನಗೋದಾದ್ರೆ ಹೊಟ್ಟೆ ತುಂಬ ನಗಲಿ" ಎಂದಳು.

ಭಾನುವಾರ ಪ್ರದರ್ಶನದಲ್ಲಿ ಅವರು ನಕ್ಕೇ ನಕ್ಕರು. "ಅಕ್ಕಾವ್ರೇ, ಕಾಯಿಗೆ ಬಾಡಿಗೆದಾರರು ಬಂದ ಹಾಗಿದೆ!" ಎಂದರು. ಮೊದಲ ಬಹುಮಾನವೂ ಕುಂಬಳಕ್ಕೇ ಹೋಯಿತು. ನಾನು ಮೂಲೆಯಲ್ಲಿ ಪ್ರಕಾಶಕನನ್ನೂ ಒಂದಷ್ಟು ಮಕ್ಕಳನ್ನೂ ಕೂರಿಸಿಕೊಂಡು ನನ್ನ ಮೊದಲ ಸಾಲನ್ನು ಓದುತ್ತಿದ್ದೆ. ಸಾಲಿನ ನಡುವೆ ತಲೆಯೆತ್ತಿ ನೋಡುತ್ತೇನೆ, ಎದುರಿಗೆ ಒಂದು ಮಗುವೂ ಇಲ್ಲ! ಎಲ್ಲವೂ ನನ್ನಾಕೆಯ ಮೇಜಿನ ಸುತ್ತ. ಮೊಮ್ಮಗಳು ಕಥೆ ಹೇಳುತ್ತಿದ್ದಳು, ಅಜ್ಜಿ ಹುಳುವಿನ ಪರವಾಗಿ ಮಾತಾಡುತ್ತಿದ್ದಳು. ಬಹುಮಾನದ ಕುಂಬಳ ಅನಾಥವಾಗಿತ್ತು. ಅದರ ಒಡೆಯರೇ ಮಕ್ಕಳ ಹಿಂದೆ ಕತ್ತು ನೀಡಿ, "ಆಮೇಲೇನಾಯ್ತು, ಅಕ್ಕಾವ್ರೇ?" ಎನ್ನುತ್ತಿದ್ದರು! ಆ ಒಂದು ಪ್ರಶ್ನೆಗೆ ನನ್ನಾಕೆಯ ಮುಖ ಬೆಳಗಿತು.

ಪ್ರಕಾಶಕನೂ ಅಲ್ಲಿಂದಲೇ ಓಡಿಬಂದ. "ಮೇಷ್ಟ್ರೇ, ಪುಸ್ತಕ ಸಿಕ್ಕಿಬಿಡ್ತು!"

ನಾನು ಸಂಕೋಚದಿಂದ ನನ್ನ ಹಾಳೆಗಳನ್ನು ಮುಂದೆ ಚಾಚಿದೆ.

"ಇದಲ್ಲ," ಎಂದ.

ಪುಸ್ತಕ ಬಂದಿದೆ. "ಹುಳ ಬಂತು. ಸೌತೆ ಬಾ ಅಂತು. ಹುಳ ಒಳಗೆ ಹೋಯ್ತು. ಅಜ್ಜಿ ಅತ್ಲು. ಆಮೇಲೆ ನಕ್ಲು." ಪುಟಕ್ಕೆ ಒಂದೇ ಸಾಲು, ಸಾಲಿಗೊಂದು ಕ್ರಿಯಾಪದ! ಒಳಪುಟದಲ್ಲಿ ಹೀಗೆ ಅಚ್ಚಾಗಿದೆ: 'ಕಥೆ: ಅಜ್ಜಿ, ಮೊಮ್ಮಗಳು. ಹುಳ ತಂದವರು: ಅಜ್ಜ.'

"ಕಡೆಯ ಪಕ್ಷ 'ಹುಳ' ಎಂಬುದನ್ನು 'ಹುಳು' ಎಂದಾದರೂ ತಿದ್ದಬಹುದಿತ್ತು" ಎಂದೆ.

"ಬೇಡ," ಎಂದಳು ನನ್ನಾಕೆ. "ನೀವು ತಿದ್ದಿದ್ರೆ ಅದೂ ನನಗೆ ಸವತಿ ಆಗುತ್ತೆ."

ಆ ಮೌನವ್ರತಿ ಈಗ ಹಿತ್ತಲಿನ ಗೊಬ್ಬರದ ಮೂಲೆಯಲ್ಲಿ ಸಂಸಾರ ಹೂಡಿದ್ದಾನೆ. ನನ್ನಾಕೆ ದಿನವೂ ಎಲೆಕೋಸಿನ ಹೊರಸಿಪ್ಪೆ ಕೊಟ್ಟು, ಪಕ್ಕದಲ್ಲಿ ಕುಳಿತು, ಮನೆಯ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಾಳೆ. "ಇದು ಕೇಳುತ್ತೆ, ತಿದ್ದಲ್ಲ" ಎನ್ನುತ್ತಾಳೆ. ಆ ಮೃದುಕಾಯನು ಚಿರಾಯುವಾಗಲಿ. ಅವನ ಬೆನ್ನ ಮೇಲಿನ ಮನೆ ಎಂದೂ ಬಿರುಕು ಬಿಡದಿರಲಿ. ಎಲೆಯ ಮರೆಯಲ್ಲಿರುವ ಅವನ ಮಕ್ಕಳುಮರಿಗಳು ದೇವರ ದಯೆಯಿಂದ ನೂರಾಗಿ ಹೆಚ್ಚಲಿ. ಹೆಚ್ಚುವುದು ಮಾತ್ರ ಬೇಲಿಯ ಆಚೆ, ಕುಂಬಳದ ಕಡೆಗೆ ಹೆಚ್ಚಲಿ!