ತಗಡು ತೋರಿಸಿದ ದಾರಿ

ಅಕ್ಷರ ಮುದ್ದಾಗಿರುವವರಿಗೆ ಸ್ಟೆನ್ಸಿಲ್ಲಿನ ಬೆಲೆ ತಿಳಿಯುವುದಿಲ್ಲ. ತಗಡಿನಲ್ಲಿ ಅಕ್ಷರ ಕೊರೆದು, ಗೋಡೆಗೆ ಒತ್ತಿ ಹಿಡಿದು, ಮೇಲೆ ಬಣ್ಣದ ಬಟ್ಟೆ ಆಡಿಸಿದರೆ ಮುಗಿಯಿತು. ನನ್ನಂಥವನೂ ಪೇಂಟರ್ ಆಗುತ್ತಾನೆ. ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಗುಮಾಸ್ತನಾಗಿದ್ದಾಗ ಹೊರಗೆ ಹೋಗುವ ಬಟ್ಟೆಯ ಬೇಲುಗಳ ಮೇಲೆ ಊರುಗಳ ಹೆಸರು ಹೀಗೆ ಮೂಡುವುದನ್ನು ದಿನವೂ ನೋಡುತ್ತಿದ್ದೆ. ಆದರೆ ಆ ವಿದ್ಯೆ ನನ್ನ ಮಾನ ಕಾಯುತ್ತದೆಂದು ತಿಳಿದದ್ದು ನಾದಿನಿಯ ಮದುವೆಯಲ್ಲಿ.

ಮದುವೆ ಮಾವನವರ ಊರಾದ ಹರಿಹರದಲ್ಲಿ. ಗಂಡಿನವರು ಕುಕ್ಕುವಾಡದವರು, ಗಾಡಿ ಕಟ್ಟಿಕೊಂಡು ದಾವಣಗೆರೆಗೆ ಬಂದು, ಅಲ್ಲಿಂದ ಸಿಕ್ಕ ರೈಲು ಹತ್ತುವವರು. ಯಾವ ರೈಲಿಗೆ ಇಳಿದಾರೆಂದು ತಿಳಿಯದೆ, ಎದುರುಗೊಳ್ಳಲು ಸ್ಟೇಷನ್ನಿಗೆ ಜನ ಕಳಿಸುವಂತಿರಲಿಲ್ಲ. ಅದರ ಮೇಲೆ ವರನ ತಂದೆ ಬಸವಣ್ಣಪ್ಪನವರಿಗೆ ಯಾರನ್ನಾದರೂ ದಾರಿ ಕೇಳುವುದೆಂದರೆ ಮಾನ ಹೋದಂತೆ. ಹಿಂದೊಮ್ಮೆ ಹಿರಿಮಗನಿಗೆ ಹೆಣ್ಣು ನೋಡಲು ಹೋದವರು, ಬೀದಿ ಬೀದಿ ಸುತ್ತಿ, ಮನೆ ಸಿಗದೆ, "ಈ ಸಂಬಂಧಾನೇ ಬ್ಯಾಡ" ಎಂದು ತಿರುಗಿ ಬಂದಿದ್ದರಂತೆ! ಮಾವನವರಿಗೆ ನಿದ್ದೆ ಹಾರಿಹೋಯಿತು.

"ಸ್ಟೇಷನ್ನಿಂದ ಛತ್ರದ ತನಕ ಗೋಡೆ ಮ್ಯಾಲೆ ದಾರಿ ಬರೀರಿ ಅಳಿಯಂದ್ರೆ, ಓದಿದೋರು ನೀವು" ಎಂದರು. ಛತ್ರದ ಹಿತ್ತಲ ಗೋಡೆಯ ಮೇಲೆ ಬರೆದು ತೋರಿಸಿದೆ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, "ಇದನ್ನ ನೆಚ್ಚಿದ್ರೆ ಬೀಗರು ಸೀದಾ ಹೊಳೆಗೆ ಇಳೀತಾರೆ" ಎಂದರು.

ರೋಷ ಬಂತು. ಸೀಮೆಎಣ್ಣೆ ಡಬ್ಬಿಯನ್ನು ಬಿಚ್ಚಿ ಬಡಿದು ಚಪ್ಪಟೆ ಮಾಡಿದೆ. ನನ್ನ ಹೆಂಡತಿ ಗಿರಿಜೆ ರಂಗೋಲಿಯ ಕೈಯಲ್ಲಿ 'ಮದುವೆ ಮನೆಗೆ ದಾರಿ' ಎಂದು ಬರೆದುಕೊಟ್ಟಳು. ಮದುವೆ ಮನೆಯ ಹೆಣ್ಣುಮಗಳು ಬೀದಿಯಲ್ಲಿ ನಿಂತು ಗೋಡೆ ಬರೆಯುವ ಕಾಲ ಅದಲ್ಲ. ಇಲ್ಲದಿದ್ದರೆ ನನ್ನನ್ನು ಕೇಳುವವರಾರು? ಉಳಿ ಹಿಡಿದು ಕೊರೆದೆ. 'ರಿ'ಯ ಸುತ್ತಿನೊಳಗಿನ ತಗಡು, ಅದರ ಹೊಟ್ಟೆ, ಠಣ್ಣನೆ ಉದುರಿತು. ಒತ್ತಿ ನೋಡಿದರೆ ತೂತಿನ ವಡೆ ಇರಬೇಕಾದಲ್ಲಿ ಬೋಂಡ!

ಗಿರಿಜೆ ನಕ್ಕು, "ಹೊಟ್ಟೆಗೊಂದು ಹೊಕ್ಕಳಬಳ್ಳಿ ಬಿಟ್ಟು ಕೊರೀರಿ, ಹೆಂಗೆ ಉದುರ್ತೈತೆ ನೋಡಾನ" ಎಂದಳು. ಇನ್ನೊಂದು ಡಬ್ಬಿ ಬಲಿಯಾಯಿತು. ಈ ಸಲ ಒಂದೊಂದು ಹೊಟ್ಟೆಗೂ ಹೊರಗಿನ ತಗಡಿಗೂ ನಡುವೆ ಸಣ್ಣ ಎಳೆ ಉಳಿಸಿ ಕೊರೆದೆ. ಯಾವ ಹೊಟ್ಟೆಯೂ ಬೀಳಲಿಲ್ಲ. ಕೊನೆಗೊಂದು ಬಾಣವನ್ನೂ ಕೊರೆದು, ಕೆಮ್ಮಣ್ಣು ಕಲಸಿ, ಆಯಾ ಮನೆಯವರನ್ನು ಕೇಳಿ ಕೇಳಿ ಗೋಡೆಗಳ ಮೇಲೆಲ್ಲ ಒತ್ತುತ್ತ ಹೋದೆ.

ಮರುದಿನ ಬಸವಣ್ಣಪ್ಪನವರು ಪೇಟದ ಒಂದು ಸುತ್ತೂ ಸಡಿಲಾಗದೆ ಛತ್ರದ ಬಾಗಿಲಲ್ಲಿ ಪ್ರತ್ಯಕ್ಷರಾದರು. "ಯಾರನ್ನೂ ಕೇಳಲಿಲ್ಲ ನೋಡ್ರಿ. ಗೋಡೆಗಳೇ ಬರ್ರಿ ಬರ್ರಿ ಅಂದ್ವು" ಎಂದು ಮೀಸೆ ತಿರುವಿದರು. ಅವರ ಹಿಂದೆಯೇ ಪಕ್ಕದ ಬೀದಿಯ ಮದುವೆಗೆ ಬಂದಿದ್ದ ಬೀಗರ ದಂಡೂ ಒಳಗೆ ಬಂದು ಜಮಖಾನೆಯ ಮೇಲೆ ಕೂತಿತು. ಅವರಿಗೂ ಉಪ್ಪಿಟ್ಟು ಕೊಟ್ಟು ಕಳಿಸಿದೆವು. ಮಾವನವರು ಕಂಡಕಂಡವರಿಗೆಲ್ಲ, "ನಮ್ಮ ಅಳಿಯಂದ್ರ ಅಕ್ಷರ ಅಂದ್ರೆ ಸುಮ್ಮನೆ ಐತೇನ್ರಿ!" ಎಂದರು. ಗಿರಿಜೆ ನನ್ನ ಕಡೆ ನೋಡಿದಳು. ನಾನು ಚಪ್ಪರದ ಕಡೆ ನೋಡಿದೆ.

ಮದುವೆ ಮುಗಿಸಿ ಊರಿಗೆ ಹೊರಟೆವು. ಗಿರಿಜೆ ಟ್ರಂಕಿನೊಡನೆ ಜಟಕಾ ಹತ್ತಿದಳು. ನಾನು ನಡೆದೇ ಬರುತ್ತೇನೆಂದೆ. ಒಂದೊಂದು ಗೋಡೆಯ ಮುಂದೂ ನಿಂತು, ದೂರದಿಂದ ನೋಡಿ, ಹತ್ತಿರ ಹೋಗಿ ನೋಡಿ, ದಾರಿಹೋಕರು ಓದುವುದನ್ನು ಕಾದು ನೋಡಿ ಸ್ಟೇಷನ್ ತಲುಪುವಷ್ಟರಲ್ಲಿ ರೈಲೂ ಹೋಗಿತ್ತು, ಅದರೊಳಗೆ ಗಿರಿಜೆಯೂ ಹೋಗಿದ್ದಳು. ಹೋಗಲಿ ಬಿಡಿ. ಮುಂದಿನ ರೈಲಿಗೆ ಹೊತ್ತಿತ್ತು. ಬಂದ ದಾರಿಯಲ್ಲೇ ಇನ್ನೊಂದು ಸುತ್ತು ಹೋಗಿ ಬಂದೆ.