ನೀಲಪ್ಪನವರ ಮಂಡಿ, ನನ್ನ ಒಸಡು

ನೀಲಪ್ಪನವರ ಮಂಡಿ ಕಂಡರೆ ನನಗೆ ಹೊಟ್ಟೆಕಿಚ್ಚು. ಸಂಬಳ ಕಂಡಲ್ಲ, ಸ್ಕೂಟರ್ ಕಂಡಲ್ಲ, ಬರೀ ಮಂಡಿ ಕಂಡು! ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಎದುರುಮನೆಯವರು, ನನಗಿಂತ ಎರಡು ವರ್ಷ ದೊಡ್ಡವರು. ಹೋದ ವರ್ಷ ನನ್ನ ಹಾಗೇ ಕುಂಟುತ್ತಿದ್ದ ಮನುಷ್ಯ ಈಗ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹೋಳಿಗೆ ಹೊಡೆಯುತ್ತಾರೆ. ನನಗೆ ಮೂಲೆಯಲ್ಲಿ ಮುದುಕರ ಟೇಬಲ್ಲು.

“ನೀಲಪ್ಪನವರ್ನ ನೋಡ್ರಿ, ಹೆಂಗ ಕುಂತಾರ!” ಅಂದಳು ನನ್ನ ಧರ್ಮಪತ್ನಿ ಸುಮಂಗಲಾ. (ನನ್ನನ್ನು ನೋಡಿ ಅವಳು ಹೀಗೆ ಉದ್ಗರಿಸಿ ಇಪ್ಪತ್ತಾರು ವರ್ಷವಾಯಿತು.) ಮುಂದಿನ ತಿಂಗಳು ಅವಳ ತಮ್ಮನ ಗೃಹಪ್ರವೇಶ, ನೀಲಪ್ಪನವರಿಗೂ ಕರೆ. ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಉಣ್ಣುವೆನೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಗುಟ್ಟು ಅವರ ಕಿಟಕಿಯಲ್ಲಿತ್ತು: ಕೀಲುನೋವಿನ ಫಾರಿನ್ ಗುಳಿಗೆ ಬಾಟಲಿ. ಬಾಯಿಬಿಟ್ಟು ಕೇಳಿದರೆ ನನ್ನ ಮಾನ ಏನಾಗಬೇಕು! ಹೆಸರನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು, ಪೇಟೆಯೆಲ್ಲ ಹುಡುಕಿ ತಂದು, ಕದ್ದುಮುಚ್ಚಿ ದಿನಕ್ಕೆ ಆರು ನುಂಗಿದೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಡಾಕ್ಟರು ಕೊಟ್ಟಿದ್ದ, ರಕ್ತ ತೆಳು ಮಾಡುವ ಮಾತ್ರೆಯೂ ಜೊತೆಗೇ.

ಗೃಹಪ್ರವೇಶದ ದಿನ ಕೂತೇಬಿಟ್ಟೆ! ಮಂಡಿ ಲಟಕ್ ಎಂದಿತು. ಆದರೂ ಗೆದ್ದ ಖುಷಿಗೆ ಹಲ್ಲು ಕಿರಿದೆ. ಹೋಳಿಗೆ ಬಡಿಸಲು ಬಗ್ಗಿದ ಸುಮಂಗಲಾ ಕಿರುಚಿದಳು:

“ಅಯ್ಯ ಶಿವನ! ಬಾಯಿತುಂಬ ರಕ್ತ!”

ಏಳಲು ಹೋದರೆ ಮಂಡಿ ಕೇಳಲಿಲ್ಲ. ನನ್ನನ್ನು ಎತ್ತಿದ್ದು ಯಾರೆಂದು ಬೇರೆ ಹೇಳಬೇಕೆ?

ಆಸ್ಪತ್ರೆಯಲ್ಲಿ ಜೇಬಿನಿಂದ ಬಾಟಲಿ ತೆಗೆದುಕೊಟ್ಟಾಗ ಡಾಕ್ಟರು ಕೆಂಡವಾದರು. “ರಕ್ತ ತೆಳುವಾಗೋ ಮಾತ್ರೆ ಜೊತೆ ಇದನ್ನ ನುಂಗಿದ್ರೆ ಒಸಡಲ್ಲಿ ರಕ್ತ ಬರದೆ ಪನ್ನೀರು ಬರುತ್ತೇನ್ರೀ? ಒಂದು ಮಾತು ಕೇಳಬಾರದಿತ್ತಾ?” ಬಾಟಲಿ ತಿರುಗಿಸಿ ಓದಿದರು. “ಸೀಗಡಿ, ಏಡಿ ಚಿಪ್ಪಿಂದ ಮಾಡಿದ್ದಂತೆ.”

ಸುಮಂಗಲಾ ಮೂರು ಹೆಜ್ಜೆ ಹಿಂದೆ ಸರಿದಳು. “ದಿನಾ ಲಿಂಗಪೂಜಿ ಮಾಡಿ ಏಡಿ ತಿಂದೀರೇನ್ರಿ?”

“ನೀಲಪ್ಪನವರೂ ತಿಂತಾರಲ್ಲ...” ಅಂದೆ, ಸಣ್ಣ ದನಿಯಲ್ಲಿ.

“ನಾನಾ? ಛೇ!” ಅಂದರು ನೀಲಪ್ಪ. “ಏಡೀದು ಅಂತ ಗೊತ್ತಾದ ದಿನಾನೇ ಎಸೆದೆ ಕಣ್ರೀ. ಬಾಟಲಿ ಚೆನ್ನಾಗಿದೆ ಅಂತ ಲವಂಗ ಹಾಕಿಟ್ಟಿದೀನಿ.”

“ಮತ್ತೆ ಆ ಮಂಡಿ?”

ಅವರು ನಾಚಿಕೊಂಡರು. “ಅದಾ... ನಮ್ಮನೆಯವಳು ದಿನಾ ಎರಡು ಹೊತ್ತು ನೆಲದ ಮೇಲೆ ಕೂರಿಸಿ, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿಸ್ತಾಳೆ. ಕೂತು ಎದ್ದು ರೂಢಿಯಾಗ್ಬಿಡ್ತು.”

ಸುಮಂಗಲಾ ನನ್ನತ್ತ ತಿರುಗಿದಳು. ಅಷ್ಟು ಆಸೆಯಿಂದ ಅವಳು ನನ್ನನ್ನು ನೋಡಿದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಇವತ್ತು ನಮ್ಮ ಮನೆಯಲ್ಲಿ ಬೀನ್ಸ್ ಪಲ್ಯ. ಸಣ್ಣಗೆ ಹೆಚ್ಚಬೇಕಂತೆ, ನೀಲಪ್ಪನವರ ಹಾಗೆ.