ಹರಿಹರಕ್ಕೆ ಓಡಿಹೋದವನು

ತಪ್ಪಾದದ್ದು ಒಂದು ಕ್ರಿಯಾಪದದಲ್ಲಿ. ಅಶ್ವಥ್ 'ಓಡ್ತೀನಿ' ಅಂದಿದ್ದರೆ ನಿಟ್ಟುವಳ್ಳಿಯ ಆ ಓಣಿ ಭಾನುವಾರ ಎಂದಿನಂತೆ ಎಂಟು ಗಂಟೆಯವರೆಗೆ ಹೊದ್ದು ಮಲಗಿರುತ್ತಿತ್ತು. ಅವನು 'ಓಡಿ ಹೋಗ್ತೀನಿ' ಅಂದ.

ಅಶ್ವಥನಿಗೆ ಮೂವತ್ತಾರು. ಮದುವೆ ಆಗಿರಲಿಲ್ಲ, ಆಗಿಲ್ಲವೆಂಬುದನ್ನು ಯಾರೂ ಗಮನಿಸಿರಲೂ ಇಲ್ಲ. ದಾವಣಗೆರೆ ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳು ದಿನವಿಡೀ ಅವನ ಎದುರೇ ಕೂತರೂ ನೋಡುತ್ತಿದ್ದುದು ಅವನ ಹಿಂದಿನ ಗೋಡೆಯ ಅಕ್ಷರಗಳನ್ನು, ಅದೂ ಒಂದು ಕಣ್ಣು ಮುಚ್ಚಿಕೊಂಡು. ಸಂಜೆ ಬಕ್ಕೇಶನ ಮನೆಯ ಮಹಡಿ ಮೇಲಿನ ಬಾಡಿಗೆ ಕೋಣೆಗೆ ಬಂದು ಬೀಗ ತೆಗೆದರೆ, ಆ 'ಕಟಕ್' ಅನ್ನುವ ಸದ್ದೇ ಅವನಿಗೆ ಆ ದಿನದ ಕೊನೆಯ ಮಾತು.

ಜಗತ್ತಿನಲ್ಲಿ ಅವನನ್ನು ಪ್ರಶ್ನೆ ಕೇಳುತ್ತಿದ್ದವರು ಇಬ್ಬರೇ. ಒಬ್ಬರು ಅನ್ನಪೂರ್ಣಮ್ಮ, ಓಣಿಯ ತುದಿಯಲ್ಲಿ ಒಬ್ಬರೇ ಖಾನಾವಳಿ ನಡೆಸುವ, ಅರವತ್ತು ದಾಟಿದ ವಿಧವೆ. ಅವರು "ಇನ್ನೊಂದು ರೊಟ್ಟಿ ಹಾಕ್ಲೇನಪ್ಪಾ?" ಎಂದು ಕೇಳುತ್ತಿದ್ದರು. ಇನ್ನೊಬ್ಬರು ಪರಮೇಶ್ವರಪ್ಪ: ಬಕ್ಕೇಶನ ತಂದೆ, ನಿವೃತ್ತ ಪಿ.ಟಿ. ಮೇಷ್ಟ್ರು, ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಅವರು "ಇವತ್ತು ಎಷ್ಟು ಸುತ್ತು?" ಎಂದು ಕೇಳುತ್ತಿದ್ದರು.

ಅದು ಶುರುವಾದದ್ದು ಆರು ತಿಂಗಳ ಹಿಂದೆ. ಮಹಡಿಯ ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಅಶ್ವಥ್ ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ಜಗಲಿಯಿಂದ ನೋಡಿದ ಮೇಷ್ಟ್ರು, ಮಾರನೇ ಬೆಳಿಗ್ಗೆ ಐದಕ್ಕೇ ಅವನನ್ನು ಹೈಸ್ಕೂಲ್ ಮೈದಾನಕ್ಕೆ ಎಬ್ಬಿಸಿಕೊಂಡು ಹೋದರು. ಓಣಿ ಎಂಟಕ್ಕೆ ಏಳುವುದರಿಂದ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲ ದಿನ ಅವನು ಎರಡೂ ಕೈಯಲ್ಲಿ ಚೀಲ ಹಿಡಿದು ಹೊರಟ ಬಸ್ಸಿನ ಹಿಂದೆ ಬಿದ್ದವನ ಹಾಗೆ ಓಡಿ, ಅರ್ಧ ಸುತ್ತಿಗೇ ಕೂತುಬಿಟ್ಟ. ಚೆನ್ನಾಗಿ ಓಡಬೇಕೆಂಬುದೇ ತನ್ನ ಗುರಿ ಎಂದು ಏದುಸಿರಿನಲ್ಲಿ ಹೇಳಿದ.

"ಅದು ಗುರಿ ಅಲ್ಲಲೇ, ಆಸೆ," ಅಂದರು ಮೇಷ್ಟ್ರು. "ಗುರಿಗೆ ಮೂರು ಬೇಕು. ಎಷ್ಟು ದೂರ, ಯಾವ ದಿನ, ಯಾರು ಸಾಕ್ಷಿ. ಮೂರರಾಗೆ ಒಂದು ಇಲ್ಲಂದ್ರೂ ಅದು ಬರೀ ಮಾತು."

ಅಂದಿನಿಂದ ಅವನ ಕೋಣೆಯ ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದ ಬರಹ ಕಾಣಿಸಿಕೊಂಡಿತು. ದೂರ: ಒಂದು ಸುತ್ತು. ದಿನ: ಶುಕ್ರವಾರ. ಸಾಕ್ಷಿ: ನಾನು. ಮುಟ್ಟಿದ ಗುರಿಯನ್ನು ಅಳಿಸಿ ಮೇಷ್ಟ್ರು ಅದಕ್ಕಿಂತ ಕೊಂಚ ದೊಡ್ಡದನ್ನು ಬರೆಯುತ್ತಿದ್ದರು. ಒಂದು ಎರಡಾಯಿತು, ಎರಡು ಹತ್ತಾಯಿತು. ಓಟಗಾರನ ಊಟದ ಮೇಲೂ ನಿಗಾ ಇರಬೇಕೆಂದು ಅವರು ಮನೆಯಲ್ಲಿ ಗುಡಿಗೆ ಅಂತ ಹೇಳಿ ದಿನಾ ಸಂಜೆ ಖಾನಾವಳಿಗೂ ಬರುತ್ತಿದ್ದರು. ಅವನ ಎದುರಿಗೆ ಕೂತು ತಾವೂ ಎರಡು ರೊಟ್ಟಿ ತಿನ್ನುತ್ತಿದ್ದರು. ತನಗಾಗಿ ಒಬ್ಬರು ಇಷ್ಟು ಕಷ್ಟಪಡುತ್ತಾರಲ್ಲ ಎಂದು ಅಶ್ವಥ್ ಎಷ್ಟೋ ಸಲ ಒಂದು ರೊಟ್ಟಿ ಹೆಚ್ಚಿಗೇ ತಿಂದಿದ್ದ.

ಕೊನೆಗೆ ದೊಡ್ಡ ಗುರಿ ಬಾಗಿಲಿಗೆ ಬಂತು. ದೂರ: ಹರಿಹರದ ಹೊಳೆ ಸೇತುವೆ, ಎಲ್ಲೂ ನಿಲ್ಲದೆ. ದಿನ: ಭಾನುವಾರ, ಬೆಳಿಗ್ಗೆ ಆರು. ಸಾಕ್ಷಿ: ನಾನು. ಮೇಷ್ಟ್ರು ಮೊದಲ ಬಸ್ಸಿಗೆ ಹೋಗಿ ಸೇತುವೆಯ ಮೊದಲ ದೀಪದ ಕಂಬದ ಕೆಳಗೆ ಸ್ಟಾಪ್‌ವಾಚ್ ಹಿಡಿದು ನಿಂತಿರುವುದೆಂದು ತೀರ್ಮಾನವಾಯಿತು. ಹದಿನಾಲ್ಕು ಹದಿನೈದು ಕಿಲೋಮೀಟರು ಎಂದರೆ ಅಶ್ವಥನಿಗೆ ಭಯವಾಗಲಿಲ್ಲ. ಅವನು ಮತ್ತೆ ಮತ್ತೆ ನೆನೆಸಿಕೊಂಡದ್ದು ಆ ಕಂಬದ ಕೆಳಗಿನ ಮನುಷ್ಯನನ್ನು. ಮೂವತ್ತಾರು ವರ್ಷದಲ್ಲಿ ಯಾರೂ ಅವನಿಗಾಗಿ ಎಲ್ಲೂ ಕಾದು ನಿಂತಿರಲಿಲ್ಲ.

ಷರತ್ತು ಒಂದೇ. ಗುರಿಯನ್ನು ಮುಂಚೆಯೇ ನಾಲ್ಕು ಜನಕ್ಕೆ ಬಾಯಿಬಿಟ್ಟು ಹೇಳಬೇಕು. ಆಗ ಹಿಂದೆ ಸರಿಯಲು ನಾಚಿಕೆಯಾಗುತ್ತದೆ. ಏನು ಹೇಳಬೇಕೆಂಬುದನ್ನೂ ಮೇಷ್ಟ್ರೇ ಬಾಯಿಪಾಠ ಮಾಡಿಸಿದರು.

"'ಓಡ್ತೀನಿ' ಅನ್ನಬ್ಯಾಡ. ನಾಯಿನೂ ಓಡ್ತೈತೆ. 'ನಾಳೆ ಆರಕ್ಕೆ ಹರಿಹರಕ್ಕೆ ಓಡಿ ಹೋಗ್ತೀನಿ' ಅನ್ನು. ಅದ್ರಾಗೆ ಊರೂ ಐತೆ, ಹೊತ್ತೂ ಐತೆ. ನನ್ನ ಹೆಸರು ಮಾತ್ರ ಎತ್ತಬ್ಯಾಡ. ಗುರಿ ನಿಂದು."

ಹೇಳಿಕೊಳ್ಳಲು ನಾಲ್ಕು ಜನ ಎಲ್ಲಿಂದ ತರುವುದೆಂದು ಅಶ್ವಥ್ ಚಿಂತೆಗೆ ಬಿದ್ದ. ಆದರೆ ಕಮಲಕ್ಕನಿಗೆ ಹೇಳಿದ ಮೇಲೆ ಉಳಿದ ಮೂವರ ಅಗತ್ಯವೇ ಬೀಳಲಿಲ್ಲ. ಪಕ್ಕದ ಮನೆಯ ಕಮಲಕ್ಕ ಶನಿವಾರ ಸಂಜೆ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅವನು ಬಾಯಿಪಾಠ ಒಪ್ಪಿಸಿದ.

"ಯಾರ ಜೊತೆ?" ಎಂದು ಅವಳು ಸೊಪ್ಪಿನಿಂದ ತಲೆಯೆತ್ತಿದಳು.

"ಒಬ್ನೇ."

"ಒಬ್ನೇ ಹೆಂಗೆ ಓಡಿ ಹೋಗ್ತೀಯಪ್ಪಾ?"

"ಅಲ್ಲಿ ಒಬ್ರು ಕಾಯ್ತಿರ್ತಾರೆ ಕಮಲಕ್ಕ. ಹೆಸರು ಹೇಳಂಗಿಲ್ಲ."

"ಎಷ್ಟು ದಿನದಿಂದ ನಡದೈತೆ ಇದು?"

"ಆರು ತಿಂಗಳಾತು. ದಿನಾ ಬೆಳಿಗ್ಗೆ, ಮೈದಾನದಾಗೆ."

ಮನೆಯವರಿಗೆ ಗೊತ್ತೇನು ಎಂದು ಕಮಲಕ್ಕ ದನಿ ತಗ್ಗಿಸಿ ಕೇಳಿದಳು. ಗೊತ್ತು ಮಾಡಿಕೊಳ್ಳಲು ತನಗೆ ಮನೆಯವರು ಅಂತ ಯಾರಿದ್ದಾರೆ ಎಂದ ಅಶ್ವಥ್. ಇಷ್ಟು ಪ್ರಶ್ನೆಗಳನ್ನು ಅವನಿಗೆ ಯಾರೂ ಒಟ್ಟಿಗೆ ಕೇಳಿರಲಿಲ್ಲವಾದ್ದರಿಂದ ಕಣ್ಣು ತುಂಬಿಕೊಂಡಿತು. ಕಮಲಕ್ಕನಿಗೆ ಅದು ಪ್ರೇಮದ ಕಣ್ಣೀರಾಗಿ ಕಂಡಿತು. ಅವಳು ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ಬಿ.ಕಾಂ. ಓದುತ್ತಿದ್ದ ಮಗಳು ಸ್ವಾತಿ ಇದ್ದಾಳೋ ಇಲ್ಲವೋ ಎಂದು ನೋಡಿದಳು.

ಆಮೇಲೆ ಓಣಿ ತನ್ನ ಹೆಣ್ಣುಮಕ್ಕಳನ್ನು ಎಣಿಸಿತು. ಹದಿನೆಂಟರಿಂದ ಮೂವತ್ತರೊಳಗೆ ಏಳು ಜನ. ಬೆಳಗಾಗುವವರೆಗೆ ಏಳೂ ಜನರನ್ನು ಕಮಲಕ್ಕನ ನಡುಮನೆಯಲ್ಲಿ, ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಮಲಗಿಸಲಾಯಿತು.

ಭಾನುವಾರ ಆರಕ್ಕೆ ಐದು ನಿಮಿಷವಿರುವಾಗ ಅಶ್ವಥ್ ಹೊಸ ಬೂಟು ಬಿಗಿದುಕೊಂಡು ಕೆಳಗಿಳಿದ. ಪ್ರತಿ ಗೇಟಿನಲ್ಲೂ ಜನ. ಮಫ್ಲರ್ ಸುತ್ತಿದವರು, ಹಲ್ಲುಜ್ಜುತ್ತಿದ್ದವರು, ಅವನ ನಮಸ್ಕಾರಕ್ಕೆ ಎಂದೂ ತಲೆಯಾಡಿಸದವರು ಕೂಡ ಎದ್ದು ನಿಂತು ಅವನನ್ನೇ ನೋಡುತ್ತಿದ್ದರು. ತನ್ನನ್ನು ಕಳಿಸಿಕೊಡಲು ಇಡೀ ಓಣಿ ಎದ್ದಿದೆಯೆಂದು ಅವನ ಎದೆ ಉಬ್ಬಿತು. ಕೈ ಬೀಸಿದ. ಯಾರೂ ತಿರುಗಿ ಬೀಸಲಿಲ್ಲ. ಪಾಪ, ಕೈಯಲ್ಲಿ ಬ್ರಷ್ ಇದೆಯಲ್ಲ ಎಂದುಕೊಂಡು ಓಡತೊಡಗಿದ. ಚೀಲವಿಲ್ಲದೆ, ಚಡ್ಡಿಯಲ್ಲಿ ಓಡಿಹೋಗುವವನನ್ನು ಓಣಿ ಹಿಂದೆ ಕಂಡಿರಲಿಲ್ಲ. ಬಲೇ ಕಿಲಾಡಿ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಪಿ.ಬಿ. ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಸ್ಕೂಟರಿನ ಸದ್ದು. ಓಡಿಸುತ್ತಿದ್ದವನು ಬಕ್ಕೇಶ್, ಹಿಂದಿನ ಸೀಟಿನಲ್ಲಿ ಕಮಲಕ್ಕ. ಅವರ ಹಿಂದೊಂದು ಆಟೋ, ಅದರೊಳಗೆ ಹಿಡಿಸುವುದಕ್ಕಿಂತ ಮೂವರು ಹೆಚ್ಚು. ಓಣಿಯಲ್ಲಿ ಉಳಿದವರೆಲ್ಲ ಕಮಲಕ್ಕನ ನಡುಮನೆಯಲ್ಲಿ ಹುಡುಗಿಯರ ಕಾವಲಿಗೆ ಕೂತರು. ಈಗಲೇ ತಡೆದರೆ ಇವನೊಬ್ಬ ಸಿಗುತ್ತಾನೆ, ಬೆನ್ನು ಹತ್ತಿದರೆ ಹುಡುಗಿಯೂ ಸಿಗುತ್ತಾಳೆಂಬುದು ಬಕ್ಕೇಶನ ಉಪಾಯ. ಹಿಂದಕ್ಕೆ ತಿರುಗಿ ನೋಡಿದ ಅಶ್ವಥನಿಗೆ ಇದು ತನ್ನ ಮದುವೆಯ ದಿಬ್ಬಣದಂತೆ ಕಂಡು, ಒಬ್ಬನೇ ಓಡುತ್ತಿದ್ದಾಗ ಎಂದೂ ಏಳದ ಕಾಲುಗಳು ತಾವಾಗಿ ಎದ್ದವು.

ದೊಡ್ಡಬಾತಿ ಹತ್ತಿರ ಬರುವಾಗ ಕಮಲಕ್ಕನ ತಾಳ್ಮೆ ಮುಗಿಯಿತು. ಸ್ಕೂಟರನ್ನು ಅವನ ಪಕ್ಕಕ್ಕೆ ತರಿಸಿ, ಸ್ವಲ್ಪ ನಿಲ್ಲೆಂದು ಹೇಳಿದಳು. ನಿಲ್ಲದಿರುವುದೇ ಗುರಿಯಾದ್ದರಿಂದ ಅವನು ತಲೆಯಾಡಿಸಿದ. ಅವಳು ನೀರಿನ ಬಾಟಲಿ ಚಾಚಿದಳು. ಅವನು ಓಡುತ್ತಲೇ ಅರ್ಧ ಕುಡಿದು ಅರ್ಧ ಕೊರಳಿಗೆ ಸುರಿದುಕೊಂಡ.

"ಹೋಗ್ಲಿ, ಅಲ್ಲಿ ಕಾಯ್ತಿರೋರು ಯಾರು ಅಂತನಾದ್ರೂ ಹೇಳಪ್ಪಾ. ನಾವೇನು ಹೊರಗಿನೋರಾ?"

ಹೊರಗಿನವರಲ್ಲ ಎಂಬ ಆ ಮಾತಿಗೆ ಅಶ್ವಥ್ ಕರಗಿಹೋದ. ಹೆಸರು ಹೇಳುವಂತಿಲ್ಲ, ಹೆಸರು ಬಿಟ್ಟು ಹೇಳಬಹುದಾದದ್ದು ಒಂದೇ ಉಳಿದಿತ್ತು.

"ಸಾಕ್ಷಿ," ಅಂದ, ಎರಡು ಉಸಿರಿನ ನಡುವೆ.

ಸ್ಕೂಟರ್ ರಸ್ತೆಯ ಅಂಚಿನವರೆಗೂ ವಾಲಿ ಸರಿಯಾಯಿತು. ಬಕ್ಕೇಶನ ಅಕ್ಕನನ್ನು ಕೊಟ್ಟಿದ್ದು ಹರಿಹರಕ್ಕೆ. ಅಕ್ಕನ ಮಗಳ ಹೆಸರು ಸಾಕ್ಷಿ.

"ಅಂದ್ರೆ... ನಮ್ಮನೇರೇನು?" ಎಂದು ಕೇಳಿದ ಬಕ್ಕೇಶ್.

ಗುಟ್ಟು ಇವರಿಗೆ ಗೊತ್ತಾಗಿಯೇ ಬಿಟ್ಟಿದೆ ಎಂದುಕೊಂಡ ಅಶ್ವಥ್. "ಹ್ಞೂಂ, ನಿಮ್ಮನೇರೇ," ಅಂದ. "ಆರು ತಿಂಗಳಿಂದ... ನನ್ನ ಕೈ ಬಿಟ್ಟಿಲ್ಲ."

ಬಕ್ಕೇಶ್ ಸ್ಕೂಟರ್ ನಿಲ್ಲಿಸಿ ಹರಿಹರದ ಭಾವನಿಗೆ ಫೋನ್ ಮಾಡಿದ.

ಹರಿಹರದ ಪೇಟೆ ದಾಟುವಾಗ ಅಶ್ವಥನ ಕಾಲುಗಳು ಯಾರೋ ಬಾಡಿಗೆಗೆ ಕೊಟ್ಟವುಗಳಂತೆ ಆಗಿದ್ದವು. ಆದರೂ ನಿಲ್ಲಲಿಲ್ಲ. ತಿರುವು ಕಳೆದು ಸೇತುವೆ ಕಂಡಿತು, ಮೊದಲ ಕಂಬ ಕಂಡಿತು, ಕಂಬದ ಈಚೆ ಜನ ಕಂಡರು. ಒಬ್ಬರಲ್ಲ, ಹನ್ನೊಂದು ಜನ. ಎಲ್ಲರೂ ಅವನು ಬರುವ ದಾರಿಯನ್ನೇ ನೋಡುತ್ತ ನಿಂತಿದ್ದರು. ಮೇಷ್ಟ್ರು ತನಗಾಗಿ ಊರನ್ನೇ ಕರೆದುಕೊಂಡು ಬಂದಿದ್ದಾರೆ ಎಂದುಕೊಂಡು ಅವನು ಎರಡೂ ತೋಳು ಅಗಲಿಸಿ ಓಡಿದ. ಕಂಬಕ್ಕೆ ಹತ್ತು ಹೆಜ್ಜೆ ಇರುವಾಗ ಭಾವ ಅವನನ್ನು ತಬ್ಬಿ ಹಿಡಿದ. ಅಶ್ವಥ್ ಅದನ್ನು ಅಪ್ಪುಗೆಯೆಂದೇ ತಿಳಿದ, ಕೈ ಹಿಂದಕ್ಕೆ ತಿರುಚುವವರೆಗೆ.

"ಹತ್ತು ಹೆಜ್ಜೆ ಬಿಡ್ರೀ," ಎಂದು ಬೇಡಿಕೊಂಡ. "ಆಮೇಲೆ ಏನು ಬೇಕಾದ್ರೂ ಮಾಡ್ರಿ."

ಸಾಕ್ಷಿಯನ್ನು ಮುಂದಕ್ಕೆ ತಂದು ನಿಲ್ಲಿಸಿ, ಇವನು ಯಾರೆಂದು ಕೇಳಿದರು. ಹಾಸಿಗೆಯಿಂದ ನೇರ ಎಬ್ಬಿಸಿ ತಂದಿದ್ದ ಆ ಹುಡುಗಿ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ತಾನು ಇವರನ್ನು ಜನ್ಮದಲ್ಲಿ ಕಂಡಿಲ್ಲ ಅಂದಳು. ಆ ಕನ್ನಡಕವನ್ನು ಎರಡು ತಿಂಗಳ ಹಿಂದೆ ಅವಳ ಕಿವಿಗೆ ಕೂರಿಸಿದ್ದವನು ಅಶ್ವಥನೇ.

"ಸಾಕ್ಷಿ ಅಂದ್ರೆ ಹುಡುಗಿ ಅಲ್ರೀ," ಅಂದ ಅವನು, ಹಿಂದೆಯೇ ಬಂದು ನಿಂತಿದ್ದ ಬಕ್ಕೇಶನತ್ತ ತಿರುಗಿ. "ನಾನು ಓಡಿದ್ದು ನೋಡಾಕೆ ನಿಂತಿರೋರು. ನಿಮ್ಮಪ್ಪಾರು. ಆ ಕಂಬದ ಕೆಳಗೆ."

ಎಲ್ಲರೂ ಕಂಬದ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

ಮಾವ ತಮ್ಮ ಮನೆಗೂ ಬಂದಿಲ್ಲವೆಂದ ಭಾವ. ಬಕ್ಕೇಶ್ ಹೆಂಡತಿ ನಯನಾಳಿಗೆ ಫೋನ್ ಮಾಡಿದ. ಮಾವನವರು ಓಣಿ ಖಾಲಿಯಾದ ಮೇಲೆ ದೊಡ್ಡ ಸೂಟ್‌ಕೇಸ್ ಹಿಡಿದು ಆರಾಮಾಗಿ ಹೊರಟರು, ಮಗಳ ಮನೆಗೆ ಅಂದಿದ್ದರು, ಅದಕ್ಕೆ ಇಷ್ಟು ಬಟ್ಟೆ ಯಾಕೆಂದು ತನಗೂ ಅನಿಸಿತ್ತು ಎಂದಳು ಅವಳು. ಅಷ್ಟರಲ್ಲಿ ಬಕ್ಕೇಶನ ಫೋನಿಗೆ ಒಂದು ಮೆಸೇಜ್ ಬಂತು. ಅವನು ಯೋಚಿಸದೆ ಜೋರಾಗಿ ಓದಿಬಿಟ್ಟ.

"ಬಕ್ಕೇಶ, ನಾನು ಅನ್ನಪೂರ್ಣನ ಕೂಡ ಹೊಂಟೀನಿ. ಹರಿಹರದ ಕಡೆಗಲ್ಲ. ಹೋದ ವರ್ಷ ಮದುವೆ ಮಾತು ಎತ್ತಿದಾಗ ಓಣಿ ಮಂದಿ ಏನಂತಾರೆ ಅಂದಿದ್ದೆ ನೀನು. ಇವತ್ತು ಓಣಿ ಮಂದಿ ಮನೇಲಿ ಇರಲಿಲ್ಲ."

ಕಮಲಕ್ಕ ಸೇತುವೆಯ ಕಟ್ಟೆಗೆ ಒರಗಿ ನಿಧಾನವಾಗಿ ಕೂತಳು. "ಏಳು ಹುಡುಗೇರ್ನ ಕಾದ್ವಿ," ಅಂದಳು. "ಅರವತ್ತು ದಾಟಿದೋರ್ನ ಯಾರೂ ಎಣಿಸ್ಲಿಲ್ಲ."

ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು. ಹತ್ತಿರದಲ್ಲಿ ಇಳಿಜಾರಾಗಿ ಸಿಕ್ಕಿದ್ದು ಅಶ್ವಥ್ ಒಬ್ಬನೇ. ಎಲ್ಲ ಗೊತ್ತಿದ್ದೇ ಇವನು ತಮ್ಮನ್ನು ಊರು ಬಿಡಿಸಿದ ಎಂದು ತೀರ್ಮಾನವಾಯಿತು. ಸಂಜೆಯೊಳಗೆ ಕೋಣೆ ಖಾಲಿ ಮಾಡೆಂದ ಬಕ್ಕೇಶ್. ಆಮೇಲೆ ಸ್ಕೂಟರ್ ಹೋಯಿತು, ಆಟೋ ಹೋಯಿತು, ಹರಿಹರದವರು ಹರಿಹರದೊಳಗೆ ಹೋದರು. ಅವನಿಗೆ ಯಾವುದರಲ್ಲೂ ಜಾಗವಿರಲಿಲ್ಲ. ಒಬ್ಬನೇ ಉಳಿದ ಅಶ್ವಥ್ ಬಾಕಿ ಇದ್ದ ಹತ್ತು ಹೆಜ್ಜೆಯನ್ನು ನಡೆದು ಕಂಬ ಮುಟ್ಟಿದ. ಎಷ್ಟು ಹೊತ್ತು ಹಿಡಿಯಿತೆಂದು ಹೇಳುವವರು ಯಾರೂ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬರುವಾಗ ಆ ಬಾಯಿಪಾಠ ನೆನಪಾಯಿತು. ಮೇಷ್ಟ್ರು ಅದನ್ನು ಮೂರು ಸಲ ಹೇಳಿಸಿ, ಮೂರು ಸಲವೂ ಕ್ರಿಯಾಪದ ತಿದ್ದಿದ್ದರು.

ನಿಟ್ಟುವಳ್ಳಿಯಲ್ಲಿ ಇಳಿದಾಗ ಹಸಿವೆಯಿಂದ ಕಣ್ಣು ಕತ್ತಲಿಡುತ್ತಿತ್ತು. ಕಾಲು ರೂಢಿಯಂತೆ ಖಾನಾವಳಿಗೆ ಕರೆದುಕೊಂಡು ಹೋಯಿತು. ಬೀಗ. ಬಾಗಿಲ ಪಕ್ಕ ದಿನದ ಪಲ್ಯ ಬರೆಯುವ ಕರಿಹಲಗೆಯ ಮೇಲೆ ಮೇಷ್ಟ್ರ ದುಂಡನೆಯ ಅಕ್ಷರಗಳಿದ್ದವು.

ಅಶ್ವಥನ ಮುಂದಿನ ಗುರಿ: ಅಡುಗೆ ಕಲಿಯುವುದು.
ದೂರ: ಮಂಚದಿಂದ ಒಲೆಗೆ ನಾಲ್ಕು ಹೆಜ್ಜೆ.
ದಿನ: ಇವತ್ತೇ.
ಸಾಕ್ಷಿ:

ಅದರ ಮುಂದೆ ಏನೂ ಇರಲಿಲ್ಲ. ಅಳಿಸಿಹೋಗಿರಬಹುದೆಂದು ಅಶ್ವಥ್ ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಇನ್ನೊಂದು ಮುಚ್ಚಿ ನೋಡಿದ. ದೃಷ್ಟಿಯಲ್ಲಿ ದೋಷವಿರಲಿಲ್ಲ, ಖಾಲಿ ಜಾಗ ಎರಡೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.